ಯಾವ ಫ್ಯಾನ್ ಹಾಕಿದರೆ ಕಂಪ್ಯೂಟರ್ ಸದ್ದು ಮಾಡುವುದಿಲ್ಲ?

ನನ್ನ ಮೇಜಿನ ಹತ್ತಿರ ಕೂತವರು ಸ್ವಲ್ಪ ಹೊತ್ತಿನ ಮೇಲೆ 'ಇದು ಆನ್ ಆಗಿದೆಯಾ?' ಎಂದು ಕೇಳುತ್ತಾರೆ. ಆಗಿದೆ ಎಂದರೆ ಮುಂದಿನ ಪ್ರಶ್ನೆ ರೆಡಿ: 'ಯಾವ ಫ್ಯಾನ್ ಹಾಕಿದ್ದೀರಿ? ಹೆಸರು ಹೇಳಿ, ನಾನೂ ತಗೋತೀನಿ.' ಮೊದಲೆಲ್ಲ ಹೆಸರು ಹೇಳಿ ಸುಮ್ಮನಾಗುತ್ತಿದ್ದೆ. ಹಾಗೆ ಕೇಳಿಕೊಂಡು ಹೋದ ಗೆಳೆಯನೊಬ್ಬ ತಿಂಗಳಾದ ಮೇಲೆ ಬಂದು, 'ನೀನು ಹೇಳಿದ್ದನ್ನೇ ಎರಡು ತಂದು ಹಾಕಿದೆ ಮಾರಾಯ, ಮೊದಲಿಗಿಂತ ಜಾಸ್ತಿ ಕಿರುಚುತ್ತಿದೆ' ಎಂದ. ಅವತ್ತಿನಿಂದ ಹೆಸರು ಹೇಳುವುದನ್ನು ಬಿಟ್ಟು ಉದ್ದನೆಯ ಉತ್ತರ ಕೊಡಲು ಶುರುಮಾಡಿದೆ. ಅದೇ ಇದು.

ನಾನೇನೂ ಮೊದಲ ಸಲಕ್ಕೇ ಸರಿ ಮಾಡಿದವನಲ್ಲ. ಮೊದಲು ಕೊಂಡದ್ದು ಸ್ಪಾಂಜು. ಕ್ಯಾಬಿನೆಟ್ಟಿನ ಒಳಗೋಡೆಗೆಲ್ಲ ಅಂಟಿಸಿ, ಮೇಲಿನ ಜಾಲರಿಯನ್ನೂ ಮುಚ್ಚಿದೆ. ಸದ್ದು ಹೊರಗೆ ಬರದಂತೆ ತಡೆದರೆ ಆಯಿತಲ್ಲ ಎಂಬ ಲೆಕ್ಕ. ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಒಳಗಿನ ಬಿಸಿಗೆ ದಾರಿ ಸಿಗದೆ ಎಲ್ಲ ಫ್ಯಾನ್‌ಗಳೂ ಒಟ್ಟಿಗೆ ಓಡತೊಡಗಿದವು. ಜ್ವರ ಬಂದವನಿಗೆ ಕಂಬಳಿ ಹೊದಿಸಿ, ಬೆವರಬೇಡ ಅಂದ ಹಾಗೆ.

ಫ್ಯಾನಿನ ಸದ್ದೆಲ್ಲ ಅದರ ವೇಗದಲ್ಲಿದೆ. ನಿಮಿಷಕ್ಕೆ 1200 ಸುತ್ತು ತಿರುಗುವ ಫ್ಯಾನನ್ನು 600ಕ್ಕೆ ಇಳಿಸಿದರೆ ಗಾಳಿ ಅರ್ಧ ಆಗುತ್ತದೆ. ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧ ಆದಂತೆ ಕೇಳಿಸುತ್ತದೆ. ಹಾಗಾಗಿ 15 ಅಂದರೆ ಮೂರರಲ್ಲಿ ಒಂದು ಪಾಲು ಉಳಿಯಿತು ಅನ್ನಿ. ಈಗ ಕಳೆದುಹೋದ ಗಾಳಿಯನ್ನು ತುಂಬಲು ಅದೇ ಥರದ ಇನ್ನೊಂದು ಫ್ಯಾನನ್ನು 600ರಲ್ಲೇ ಪಕ್ಕಕ್ಕೆ ಹಾಕಿ. ಒಂದೇ ಸದ್ದಿನ ಎರಡು ಫ್ಯಾನ್ ಸೇರಿದರೆ ಹೆಚ್ಚುವುದು ಬರೀ 3 ಡೆಸಿಬಲ್. ಗಾಳಿ ಮೊದಲಿನಷ್ಟೇ ಬಂತು, ಸದ್ದು 12 ಡೆಸಿಬಲ್ ಕಮ್ಮಿಯಾಯಿತು. ಕ್ಯಾಬಿನೆಟ್ಟಿನ ಒಳಗೆ ಲೆಕ್ಕ ಇಷ್ಟು ಸಲೀಸಾಗಿ ಕೂರುವುದಿಲ್ಲ. ಜಾಲರಿ, ಧೂಳಿನ ಫಿಲ್ಟರ್, ವೈರುಗಳೆಲ್ಲ ಗಾಳಿಗೆ ಅಡ್ಡ ಬರುತ್ತವೆ. ಆದರೂ ನಿಧಾನಕ್ಕೆ ತಿರುಗುವ ಮೂರು ಫ್ಯಾನ್, ಓಡುವ ಒಂದಕ್ಕಿಂತ ಎಷ್ಟೋ ವಾಸಿ. 140 ಮಿಲಿಮೀಟರಿನದಕ್ಕೆ ಜಾಗ ಇದ್ದರೆ 120ರದ್ದು ಯಾಕೆ ಹಾಕಬೇಕು? ದೊಡ್ಡದು ಅಷ್ಟೇ ಗಾಳಿಯನ್ನು ಕಮ್ಮಿ ಸುತ್ತಿನಲ್ಲಿ ಕೊಡುತ್ತದೆ.

ಫ್ಯಾನ್ ನಿಧಾನವಾಗಬೇಕಾದರೆ ಬಿಸಿಯನ್ನು ಹರಡಲು ಲೋಹ ಬೇಕು. ಪ್ರೊಸೆಸರ್ ಜೊತೆ ಡಬ್ಬಿಯಲ್ಲೇ ಬರುವ ಕೂಲರಿನಲ್ಲಿ ಲೋಹ ಕಮ್ಮಿ, ಫ್ಯಾನ್ ಸಣ್ಣದು, ಅದಕ್ಕೇ ಅದು ಅಷ್ಟು ಒದ್ದಾಡುವುದು. ಬೇರೆ ಕೊಳ್ಳುವ ಟವರ್ ಕೂಲರಿನ ತಾಮ್ರದ ಹೀಟ್ ಪೈಪ್ ಒಳಗೆ ಸ್ವಲ್ಪವೇ ಸ್ವಲ್ಪ ದ್ರವ ಇರುತ್ತದೆ, ಸಾಮಾನ್ಯವಾಗಿ ನೀರೇ. ಪೈಪಿನೊಳಗಿನ ಗಾಳಿಯನ್ನು ಮೊದಲೇ ಹೊರಗೆಳೆದಿರುವುದರಿಂದ ನೀರು ಆವಿಯಾಗಲು 100 ಡಿಗ್ರಿ ಬೇಕಿಲ್ಲ. ಪ್ರೊಸೆಸರ್ ಕಡೆ ಆವಿಯಾಗಿ, ಮೇಲಿನ ರೆಕ್ಕೆಗಳ ಹತ್ತಿರ ತಣ್ಣಗಾಗಿ ನೀರಾಗಿ, ಮತ್ತೆ ಕೆಳಗೆ ಬರುತ್ತದೆ. ಮೋಟಾರಿಲ್ಲ, ಸದ್ದಿಲ್ಲ. ನಾಕ್ಟುವಾ ಕಂಪನಿ 2014ರಲ್ಲಿ ತಂದ ಎನ್‌ಎಚ್-ಡಿ15 ಎಂಬ ಕೂಲರನ್ನು ಎರಡು ಫ್ಯಾನ್ ಸಮೇತ ತೂಗಿದರೆ ಸುಮಾರು 1.3 ಕಿಲೋ! ಮೊದಲ ಸಲ ನೋಡಿದಾಗ ಮೂಗಿಗಿಂತ ಮೂಗುತಿ ಭಾರ ಅನ್ನಿಸಿತ್ತು. ಎತ್ತರ 165 ಮಿಲಿಮೀಟರ್. ಕೊಳ್ಳುವ ಮೊದಲು ನಿಮ್ಮ ಕ್ಯಾಬಿನೆಟ್ ಎಷ್ಟು ಎತ್ತರದ ಕೂಲರನ್ನು ಹಿಡಿಸುತ್ತದೆ ಎಂದು ನೋಡಿ. ರ‍್ಯಾಮ್ ಎತ್ತರವನ್ನೂ ನೋಡಿ, ಕೂಲರ್ ಅದರ ಮೇಲೆ ಚಾಚುತ್ತದೆ. ನಾನು ನೋಡಿರಲಿಲ್ಲ, ಎರಡು ವಾರ ಪಕ್ಕದ ಬಾಗಿಲು ತೆಗೆದೇ ಕೆಲಸ ಮಾಡಿದೆ. (ಬಣ್ಣದ ಬಗ್ಗೆ ಕೇಳಬೇಡಿ. ಅವರ ಕಂದು ಬಣ್ಣದ ಫ್ಯಾನ್ ಇಷ್ಟಪಡುವವರು ಎಲ್ಲೋ ಇದ್ದಾರೆ, ನಾನಲ್ಲ.)

ನೀರಿನ ಕೂಲರ್ ಹಾಕಿದರೆ ಪೂರ್ತಿ ನಿಶ್ಶಬ್ದ ಅಂದುಕೊಂಡವರೂ ಇದ್ದಾರೆ. ಅದಕ್ಕೂ ರೇಡಿಯೇಟರ್ ಮೇಲೆ ಫ್ಯಾನ್ ಬೇಕು, ಜೊತೆಗೆ ಪಂಪಿನ ಗುಂಯ್ ಅನ್ನುವ ಸದ್ದು. ಸುಮ್ನೆ ಕೂತಾಗಲೂ ಆ ಪಂಪ್ ನಿಲ್ಲುವುದಿಲ್ಲ. ನನಗೆ ಬೇಡ.

ಈಗ ಕಾಸು ಖರ್ಚಿಲ್ಲದ ಕೆಲಸಕ್ಕೆ ಬರೋಣ. ಒಂದೇ ಸಮನೆ ಇರುವ ಸದ್ದನ್ನು ಕಿವಿ ಸ್ವಲ್ಪ ಹೊತ್ತಿಗೆ ಮರೆಯುತ್ತದೆ. ಏರುತ್ತ ಇಳಿಯುತ್ತ ಇದ್ದರೆ ಮಾತ್ರ ಪ್ರತಿ ಸಲವೂ ತಲೆ ಎತ್ತಿಸುತ್ತದೆ. ಬ್ರೌಸರ್ ತೆರೆದರೆ ಭರ್ ಅನ್ನುತ್ತದೆ, ಎರಡು ಸೆಕೆಂಡಿಗೆ ಸುಮ್ಮನಾಗುತ್ತದೆ, ಅಲ್ವಾ? ಪ್ರೊಸೆಸರಿನ ಚಿಪ್ ಉಗುರಿನಷ್ಟು ಜಾಗ. ಕೆಲಸ ಬಿದ್ದ ತಕ್ಷಣ ಅದರ ಬಿಸಿ 20 ಡಿಗ್ರಿ ಜಿಗಿಯುತ್ತದೆ. ಮೇಲಿರುವ ಕಿಲೋ ತೂಕದ ಲೋಹ ಆಗಿನ್ನೂ ತಣ್ಣಗೇ ಇರುತ್ತದೆ. ಅದು ಪೂರ್ತಿ ಬಿಸಿಯೇರಲು ನಿಮಿಷಗಳೇ ಬೇಕು. ಆ ಜಿಗಿತದ ಹಿಂದೆ ಫ್ಯಾನ್ ಓಡಿ ಸಾಧಿಸುವುದು ಏನೂ ಇಲ್ಲ. ಬಯಾಸ್ ಒಳಗೆ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್‌ಗಳಲ್ಲಿ, ಫ್ಯಾನ್ ಕರ್ವ್ ಎಂಬ ಜಾಗ ಇರುತ್ತದೆ: ಎಷ್ಟು ಬಿಸಿಗೆ ಫ್ಯಾನಿಗೆ ಎಷ್ಟು ವೇಗ ಎಂದು ತೋರಿಸುವ ಗೆರೆ. ಅಲ್ಲಿ 65 ಡಿಗ್ರಿವರೆಗೆ ಗೆರೆಯನ್ನು ಚಪ್ಪಟೆ ಇಟ್ಟು, ಆಮೇಲೆ ಮೆಲ್ಲಗೆ ಏರಿಸಿ. ವೇಗ ಬದಲಿಸುವ ಮೊದಲು ಕೆಲವು ಸೆಕೆಂಡು ಕಾಯುವ ಸೆಟ್ಟಿಂಗ್ ಇದ್ದರೆ ಅದನ್ನೂ ಹೆಚ್ಚಿಸಿ. 70 ಡಿಗ್ರಿ ನೋಡಿ ಗಾಬರಿಯಾಗುವವರು ಬಹಳ ಜನ. ಈಚಿನ ಹೆಚ್ಚಿನ ಪ್ರೊಸೆಸರ್‌ಗಳು ತಾವಾಗಿ ವೇಗ ಇಳಿಸಿಕೊಳ್ಳುವುದು 95 ಅಥವಾ 100ರ ಹತ್ತಿರ. ನಂಬರನ್ನು 50ಕ್ಕೆ ಇಳಿಸುವ ಹಟಕ್ಕೆ ಬಿದ್ದರೆ ಕಿವಿಯೇ ದಂಡ ಕಟ್ಟಬೇಕು.

ಬಿಸಿಯನ್ನೇ ಕಮ್ಮಿ ಮಾಡಬಹುದು. ಚಿಪ್ ಎಳೆಯುವ ವಿದ್ಯುತ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೋಲ್ಟೇಜ್ ಎರಡು ಪಟ್ಟಾದರೆ ವಿದ್ಯುತ್ ನಾಲ್ಕು ಪಟ್ಟು. ಚಿಪ್ಪಿನ ವೇಗ ಏರಿಸಲು ವೋಲ್ಟೇಜನ್ನೂ ಏರಿಸಬೇಕು. ಹಾಗಾಗಿ ಕೊನೆಯ ಸ್ವಲ್ಪ ವೇಗಕ್ಕೆ ಸಿಕ್ಕಾಪಟ್ಟೆ ಬಿಸಿ ತೆರಬೇಕು. ಎಎಂಡಿಯ ಹಲವು ಪ್ರೊಸೆಸರ್‌ಗಳಲ್ಲಿ ವಿದ್ಯುತ್ತಿಗೆ ಮಿತಿ ಹಾಕುವ ಇಕೋ ಮೋಡ್ ಇದೆ. ಅದನ್ನು ಹಾಕಿದ ಮೇಲೆ ನನ್ನ ದಿನದ ಕೆಲಸದಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ಆಟ ಆಡುವವರಿಗೆ ಬಹುತೇಕ ದೊಡ್ಡ ಗಲಾಟೆ ಗ್ರಾಫಿಕ್ಸ್ ಕಾರ್ಡಿನದು. ಅಲ್ಲೂ ಇದೇ ಉಪಾಯ: ವೋಲ್ಟೇಜ್ ಸ್ವಲ್ಪ ಇಳಿಸಿ, ಮಾನಿಟರ್ ತೋರಿಸಲಾಗದಷ್ಟು ಫ್ರೇಮ್ ತಯಾರಿಸದಂತೆ ಮಿತಿ ಹಾಕಿ. ಕಾರ್ಡಿನ ಪ್ಲಾಸ್ಟಿಕ್ ಕವಚ ಬಿಚ್ಚಿ, ಅದರ ಸಣ್ಣ ಫ್ಯಾನ್ ತೆಗೆದು, ಎರಡು 120 ಮಿಲಿಮೀಟರಿನ ಫ್ಯಾನ್ ಕಟ್ಟುವವರೂ ಇದ್ದಾರೆ. ಚೆನ್ನಾಗೇ ಕೆಲಸ ಮಾಡುತ್ತದೆ. ವಾರಂಟಿಯ ಆಸೆ ಬಿಟ್ಟು ಮಾಡಿ.

ಉಳಿದದ್ದು ಚಿಲ್ಲರೆ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬಿ) ಕೊಳ್ಳುವಾಗ ಕಮ್ಮಿ ಲೋಡಿನಲ್ಲಿ ಫ್ಯಾನ್ ನಿಲ್ಲಿಸುವಂಥದ್ದು ಸಿಕ್ಕರೆ ಒಳ್ಳೆಯದು. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ರಬ್ಬರಿನ ಮೇಲೆ ಕೂರಿಸಿ. ನಿಮಿಷಕ್ಕೆ 7200 ಸುತ್ತು ಅಂದರೆ ಸೆಕೆಂಡಿಗೆ 120. ಆ ನಡುಕ ಕ್ಯಾಬಿನೆಟ್ಟಿನ ತಗಡಿಗೆ ತಾಗಿದರೆ ಇಡೀ ಡಬ್ಬವೇ ತಂಬೂರಿ. ಎಸ್‌ಎಸ್‌ಡಿಗೆ ಬದಲಾಯಿಸಿದರೆ ಆ ಕಥೆಯೇ ಮುಗಿಯಿತು, ಅದರಲ್ಲಿ ತಿರುಗುವುದೇ ಏನೂ ಇಲ್ಲ. ಇವೆಲ್ಲ ಕೊನೆಗೆ ಮಾಡುವ ಕೆಲಸ. ದೊಡ್ಡ ಸದ್ದು ಹೋದ ಮೇಲಷ್ಟೇ ಅದರ ಹಿಂದೆ ಅಡಗಿದ್ದ ಸಣ್ಣದು ಕೇಳಿಸುತ್ತದೆ.

ಆ ಗೆಳೆಯನ ವಿಷಯ ಹೇಳಲಿಲ್ಲ. ಕಡೆಗೆ ಅವನ ಮನೆಗೇ ಹೋಗಿ ನೋಡಿದೆ. ತಂದಿದ್ದು ಅದೇ ಹೆಸರಿನ ಫ್ಯಾನ್, ಆದರೆ ಮೂರು ಪಿನ್ನಿನದು. ನಾಲ್ಕು ಪಿನ್ನಿನ ಫ್ಯಾನ್ ನಾಲ್ಕನೆಯ ತಂತಿಯಲ್ಲಿ ಬರುವ ಮದರ್‌ಬೋರ್ಡಿನ ಪಿಡಬ್ಲ್ಯುಎಂ ಸಂಕೇತ ನೋಡಿ ವೇಗ ಬದಲಿಸುತ್ತದೆ. ಮೂರು ಪಿನ್ನಿನದಕ್ಕೆ ಆ ತಂತಿಯೇ ಇಲ್ಲ, ವೋಲ್ಟೇಜ್ ಇಳಿಸಿದರೆ ಮಾತ್ರ ವೇಗ ಇಳಿಯುತ್ತದೆ. ಅವನ ಬಯಾಸ್ ಪಿಡಬ್ಲ್ಯುಎಂ ಮೋಡಿನಲ್ಲಿತ್ತು. ಪಾಪ ಆ ಫ್ಯಾನ್‌ಗಳು ತಿಂಗಳಿಡೀ 12 ವೋಲ್ಟಿನಲ್ಲಿ ಪೂರ್ತಿ ವೇಗದಲ್ಲಿ ಓಡಿದ್ದವು. ವೋಲ್ಟೇಜ್ ಇಳಿಸಿ ವೇಗ ಇಳಿಸುವ ಡಿಸಿ ಮೋಡಿಗೆ ಬದಲಿಸಿದೆ. 'ಹಳೆಯ ಫ್ಯಾನ್ ಎಸೆದಿಲ್ಲ ತಾನೇ?' ಎಂದು ಕೇಳಿದೆ. ಅಟ್ಟದಿಂದ ತಂದ. ಅವೆರಡನ್ನೂ ಮುಂದಿನ ಜಾಲರಿಗೆ ಹಾಕಿ, ನಾಲ್ಕನ್ನೂ 600ರ ಹತ್ತಿರಕ್ಕೆ ಇಳಿಸಿದೆವು. ಇಬ್ಬರೂ ಮಾತಿಲ್ಲದೆ ಸ್ವಲ್ಪ ಹೊತ್ತು ಕೂತೆವು.

ಮೊನ್ನೆ ಫೋನ್ ಮಾಡಿದ್ದ. ಈಗ ಹಾರ್ಡ್ ಡಿಸ್ಕ್ ಕೇಳಿಸುತ್ತಿದೆಯಂತೆ.