ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕ್ ಡೆಸ್ಕ್‌ಟಾಪ್‌ಗೆ: ಇಲ್ಲಿಯವರೆಗಿನ ಕೆಲಸ

ಲ್ಯಾಪ್‌ಟಾಪಿನಿಂದ ಬಿಚ್ಚಿದ 2.5 ಇಂಚಿನ, 500 ಜಿಬಿ ಸಾಟಾ (ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಒಂದು ಬಗೆ) ಡಿಸ್ಕ್ ಈಗ ಡೆಸ್ಕ್‌ಟಾಪಿನಲ್ಲಿ ಎರಡನೇ ಡ್ರೈವ್ ಆಗಿ ಓಡುತ್ತಿದೆ. ಜೋಡಿಸುವುದೇನೂ ದೊಡ್ಡ ಕೆಲಸವಲ್ಲ. ಅದರ ಲ್ಯಾಪ್‌ಟಾಪ್ ಬುದ್ಧಿ ಬಿಡಿಸುವುದಕ್ಕೇ ಹೊತ್ತು ಬೇಕು.

ಜೋಡಣೆ: ಕನೆಕ್ಟರ್ ಎರಡೂ ಕಡೆ ಒಂದೇ, ಡೇಟಾಕ್ಕೆ 7 ಪಿನ್, ಪವರ್‌ಗೆ 15. ಡಿಸ್ಕಿನ ಮೂತಿಗೆ ಲ್ಯಾಪ್‌ಟಾಪಿನ ಪುಟ್ಟ ಕನೆಕ್ಟರ್ ಸಿಕ್ಕಿಸಿದ್ದರೆ ನೇರವಾಗಿ ಎಳೆದು ತೆಗೆಯಬೇಕು. ಅದರ ಕೆಳಗೆ ಮಾಮೂಲಿ ಸಾಟಾ ಇರುತ್ತದೆ. ಈ ಅಳತೆಯ ಡಿಸ್ಕಿಗೆ 5 ವೋಲ್ಟ್ ಸಾಕು. 3.5 ಇಂಚಿನ ಜಾಗದಲ್ಲಿ ಕೂರಿಸಲು ಬ್ರ್ಯಾಕೆಟ್ ಬೇಕು, ಸ್ಕ್ರೂ ಎಂ3. ಡೆಸ್ಕ್‌ಟಾಪ್ ಡಿಸ್ಕಿನ ಸ್ಕ್ರೂ ಇದಕ್ಕಿಂತ ದಪ್ಪ, ಒತ್ತಿ ತಿರುಗಿಸಿದರೆ ಸ್ಕ್ರೂ ತೂತಿನ ಒಳಗಿನ ಮರೆ ಹಾಳು. ಬ್ರ್ಯಾಕೆಟ್ ಇಲ್ಲವೆಂದು ಡಿಸ್ಕನ್ನು ಕ್ಯಾಬಿನೆಟ್ಟಿನ ತಗಡಿನ ಮೇಲೆ ಹಾಗೇ ಮಲಗಿಸುವುದು ಬೇಡ. ಅಡಿಯ ಸರ್ಕ್ಯೂಟ್ ಬೋರ್ಡ್ ಲೋಹಕ್ಕೆ ತಾಗಿದರೆ ಶಾರ್ಟ್ ಆಗಬಹುದು.

ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯಬಹುದಾದ ಮದರ್‌ಬೋರ್ಡ್ ಸೆಟ್ಟಿಂಗ್) ಡಿಸ್ಕ್ ಕಾಣದಿದ್ದರೆ ಕೇಬಲ್ ಬದಲಿಸುವ ಮೊದಲು ಪೋರ್ಟ್ ಬದಲಿಸಿ ನೋಡಿ. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ (ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಜಾಗ) ಭರ್ತಿಯಾದರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಹಳೇ ಡಿಸ್ಕಿನಲ್ಲೂ ವಿಂಡೋಸ್ ಇರುವುದರಿಂದ ಬೂಟ್ ಕ್ರಮದಲ್ಲಿ ಡೆಸ್ಕ್‌ಟಾಪಿನ ಡಿಸ್ಕೇ ಮೊದಲಿರಲಿ.

ಹಳೇ ಫೈಲ್ ಬೇಕಿದ್ದರೆ ಬಿಚ್ಚುವ ಮೊದಲೇ ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ತೆಗೆಯಬೇಕು. ಇಲ್ಲದಿದ್ದರೆ ಡೆಸ್ಕ್‌ಟಾಪ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ಹಾಗೆ ಮಾಡದಿದ್ದರೆ ವಿಂಡೋಸ್ ಪೂರ್ತಿ ಮುಚ್ಚದಿರಬಹುದು: ಫಾಸ್ಟ್ ಸ್ಟಾರ್ಟಪ್‌ನಲ್ಲಿ ಅರೆನಿದ್ದೆಗೆ ಹೋದ ಡಿಸ್ಕನ್ನು ಲಿನಕ್ಸ್ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ.

ಆರೋಗ್ಯ: ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ದಾಖಲಿಸುವ ಸ್ಮಾರ್ಟ್ ಪಟ್ಟಿಯಲ್ಲಿ, ಕೆಟ್ಟ ಜಾಗಗಳನ್ನು ಎಣಿಸುವ 5, 197, 198 ಮೂರೂ ಸೊನ್ನೆ. 197 ಏರುತ್ತಿದ್ದರೆ ಡಿಸ್ಕನ್ನು ನಂಬಬೇಡಿ. ಡೇಟಾ ಸಾಗಣೆಯ ತಪ್ಪು ಎಣಿಸುವ 199 ಏರುತ್ತಿತ್ತು, ಅದು ಬಹುಪಾಲು ಕೇಬಲ್ ದೋಷ. ಕೇಬಲ್ ಬದಲಿಸಿದ ಮೇಲೆ ನಿಂತಿದೆ. ಹಳೇ ಎಣಿಕೆ ಮಾತ್ರ ಇಳಿಯುವುದಿಲ್ಲ.

ತಲೆನೋವು 193, ಅಂದರೆ ಹೆಡ್ಡು ಸರಿದ ಸಲಗಳ ಎಣಿಕೆ. ಲ್ಯಾಪ್‌ಟಾಪ್ ಡಿಸ್ಕ್ ಕೆಲವೇ ಸೆಕೆಂಡ್ ಬಿಡುವಾದರೂ ಹೆಡ್ಡನ್ನು (ಓದಿ ಬರೆಯುವ ತುದಿ) ಪಕ್ಕಕ್ಕೆ ಸರಿಸುತ್ತದೆ: ಕುಲುಕಾಟಕ್ಕೆ ರಕ್ಷಣೆ, ಬ್ಯಾಟರಿಗೂ ಉಳಿತಾಯ. ಅಲುಗಾಡದ ಡೆಸ್ಕ್‌ಟಾಪಿನಲ್ಲಿ ಅದು ಬರೀ ಸವೆತ. ಕಿವಿಗೊಟ್ಟರೆ ಟಿಕ್ ಎನ್ನುವುದು ಕೇಳುತ್ತದೆ, ಪ್ರತಿ ಸಲವೂ ಎಣಿಕೆ ಒಂದು ಏರುತ್ತದೆ. ಇಂಥ ಡಿಸ್ಕುಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ 6 ಲಕ್ಷ. ಲಿನಕ್ಸ್‌ನ ಎಚ್‌ಡಿಪಾರ್ಮ್ ಕಮಾಂಡಿನಲ್ಲಿ ಎಪಿಎಂ (ಡಿಸ್ಕಿನ ವಿದ್ಯುತ್ ಉಳಿತಾಯ) ಮಟ್ಟವನ್ನು 254ಕ್ಕೆ ಇಟ್ಟ ಮೇಲೆ ಟಿಕ್ ನಿಂತಿದೆ. 255 ಎಂದರೆ ಪೂರ್ತಿ ಆಫ್, ಕೆಲವು ಡಿಸ್ಕ್ ಅದನ್ನು ಒಪ್ಪುವುದಿಲ್ಲ. ಪವರ್ ಹೋದರೆ ಸೆಟ್ಟಿಂಗ್ ಮರೆತುಹೋಗುವ ಡಿಸ್ಕುಗಳೇ ಹೆಚ್ಚು, ಆದ್ದರಿಂದ ಪ್ರತಿ ಬೂಟ್‌ನಲ್ಲೂ ಓಡುವಂತೆ ಕಾನ್ಫಿಗ್ ಫೈಲಿನಲ್ಲಿ ಬರೆದಿದೆ. ವಿಂಡೋಸ್‌ನಲ್ಲಾದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಇದನ್ನೇ ಮಾಡುತ್ತದೆ.

ಬಳಕೆ: 5400 ಆರ್‌ಪಿಎಂ ಡಿಸ್ಕಿನ ಮೇಲೆ ಓಎಸ್ ಹಾಕುವುದು ತಾಳ್ಮೆ ಪರೀಕ್ಷೆ. ಇದು ಬ್ಯಾಕಪ್ಪಿನ ಎರಡನೇ ಪ್ರತಿಗಷ್ಟೇ.

ಮುಂದಿನ ಸರದಿ ಲ್ಯಾಪ್‌ಟಾಪಿನ ಹಳೇ ಐಡಿಇ (ಸಾಟಾಕ್ಕೆ ಮೊದಲಿನ ಜೋಡಣೆ) ಡಿಸ್ಕಿನದು. ಅದರಲ್ಲಿ 44 ಪಿನ್, ಡೆಸ್ಕ್‌ಟಾಪಿನಲ್ಲಿ 40. ಅಡಾಪ್ಟರ್ ಇಲ್ಲದೆ ಆಗದು. ಪಕ್ಕದಲ್ಲೇ ಜಂಪರಿನ (ಡಿಸ್ಕಿನ ಸೆಟ್ಟಿಂಗ್ ಬದಲಿಸುವ ಪುಟ್ಟ ಕೊಂಡಿ) 4 ಪಿನ್ ಇರುತ್ತವೆ. ಅಡಾಪ್ಟರ್ ಆ ಕಡೆಗೆ ಸರಿದು ಕೂತರೆ 5 ವೋಲ್ಟ್ ಬೇರೆ ಪಿನ್ನಿಗೆ ಹೋಗಿ ಬೋರ್ಡ್ ಸುಡಬಹುದು, ಹಾಗಾಗಿ ಪಿನ್ 1ರ ಗುರುತು ನೋಡಿಯೇ ಪವರ್ ಕೊಡುವುದು.