ಪಾಯಿಂಟ್ ಕೊಟ್ಟು ಹವಾಯಿಯಲ್ಲಿ ರಜೆ

ಹವಾಯಿಯ ಕೋನಾ ವಿಮಾನ ನಿಲ್ದಾಣಕ್ಕೆ ಗೋಡೆಗಳೇ ಕಡಿಮೆ. ವಿಮಾನದಿಂದ ಇಳಿದು ಬಯಲಲ್ಲೇ ನಡೆದು ಬಂದರೆ ಗುಡಿಸಲಿನ ಆಕಾರದ ಚಾವಣಿಗಳು, ಅವುಗಳ ಕೆಳಗೆ ಓಡಾಡುವ ಗಾಳಿ. ನಿಲ್ದಾಣ ನಿಂತಿರುವುದೇ ಲಾವಾ ಮೇಲೆ. ಹುಆಲಲಾಯ್ ಜ್ವಾಲಾಮುಖಿಯಿಂದ 1801ರಲ್ಲಿ ಹರಿದು ಬಂದದ್ದಂತೆ ಅದು. ಕಾರು ತಗೊಂಡು ಉತ್ತರಕ್ಕೆ ಹೊರಟರೆ ರಸ್ತೆಯ ಎರಡೂ ಕಡೆ ಕಪ್ಪು ಕಲ್ಲಿನ ಬಯಲು. ಗಿಡವಿಲ್ಲ, ಮನೆಯಿಲ್ಲ. ಆ ಕಪ್ಪಿನ ಮೇಲೆ ಯಾರ್‍ಯಾರೋ ಬಿಳಿ ಹವಳದ ಚೂರು ಜೋಡಿಸಿ ತಮ್ಮ ಹೆಸರು ಬರೆದಿಟ್ಟಿದ್ದಾರೆ. ಮಕ್ಕಳಿಗೆ ಸುಮಾರು 30 ಕಿಲೋಮೀಟರ್ ದಾರಿ ಪೂರ್ತಿ ಅದನ್ನು ಓದುವುದೇ ಕೆಲಸವಾಯಿತು. ಅತ್ತೆ ಮಾತ್ರ, "ಇಷ್ಟು ದೂರ ಬಂದಿದ್ದು ಈ ಸುಟ್ಟ ನೆಲ ನೋಡಕ್ಕಾ?" ಅಂದರು.

ನಾವು ಹೊರಟಿದ್ದು ವೈಕೊಲೊವ ತೀರದ ಹಿಲ್ಟನ್ ವೈಕೊಲೊವ ವಿಲೇಜ್‌ಗೆ. ಕೋಣೆಗೆ ಒಂದು ಡಾಲರೂ ಕೊಟ್ಟಿರಲಿಲ್ಲ, ಎಲ್ಲ ಪಾಯಿಂಟ್. ಹೋಟೆಲ್ ಕಂಪನಿ ತನ್ನಲ್ಲಿ ಉಳಿದವರಿಗೆ ಕೊಡುವ, ಆಮೇಲೆ ದುಡ್ಡಿನ ಬದಲು ಬಳಸುವ ಪಾಯಿಂಟ್. ನಮ್ಮವರು ಆಫೀಸ್ ಕೆಲಸದ ಮೇಲೆ ಊರೂರು ಅಲೆದು, ಹೋದಲ್ಲೆಲ್ಲ ಅದೇ ಕಂಪನಿಯ ಹೋಟೆಲ್‌ಗಳಲ್ಲಿ ಉಳಿದು ಕೂಡಿಸಿದ್ದು. ಬಿಲ್ ಆಫೀಸಿನದು, ಪಾಯಿಂಟ್ ಮಾತ್ರ ಉಳಿದುಕೊಂಡವರ ಹೆಸರಿಗೆ. ಈ ಸರಪಳಿಯ ಹೆಚ್ಚಿನ ಹೋಟೆಲ್‌ಗಳಲ್ಲಿ ಖರ್ಚು ಮಾಡಿದ ಪ್ರತಿ ಡಾಲರ್‌ಗೆ 10 ಪಾಯಿಂಟ್ ಸಿಗುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಅವರು ಹೀಗೆ ಪಾಯಿಂಟ್ ಕೂಡಿಸುತ್ತಿದ್ದ ರಾತ್ರಿಗಳಲ್ಲಿ ಇಬ್ಬರು ಮಕ್ಕಳನ್ನು ಮಲಗಿಸಿದ್ದು, ಜ್ವರ ಬಂದಾಗ ಎದ್ದು ಕೂತಿದ್ದು ನಾನು ಮತ್ತು ಅತ್ತೆ. ಹಾಗಾಗಿ "ಇದು ಪುಕ್ಕಟೆ ರಜೆ" ಅಂತ ಯಾರಾದರೂ ಅಂದರೆ ನನಗೆ ಸ್ವಲ್ಪ ಉರಿಯುತ್ತದೆ.

ಬುಕಿಂಗ್ ವಿಷಯ ಚುಟುಕಾಗಿ ಹೇಳುತ್ತೇನೆ, ಕೇಳುವವರು ಜಾಸ್ತಿ. ಇಷ್ಟು ದರ್ಜೆಯ ಹೋಟೆಲ್‌ಗೆ ಇಷ್ಟು ಪಾಯಿಂಟ್ ಎಂಬ ಪಟ್ಟಿಯನ್ನು ಹಿಲ್ಟನ್ 2017ರಲ್ಲೇ ಕೈಬಿಟ್ಟಿದೆ. ದಿನ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ನೋಡಬೇಕಾದ್ದು 'ಸ್ಟ್ಯಾಂಡರ್ಡ್' ಕೋಣೆ ಸಿಗುವ ದಿನಗಳನ್ನು. ಅದು ಮುಗಿದ ಮೇಲೆ ತೋರಿಸುವ ಪ್ರೀಮಿಯಂ ಕೋಣೆಗಳಿಗೆ ವಿಪರೀತ ಪಾಯಿಂಟ್ ಹೋಗುತ್ತದೆ. ಹೆಚ್ಚು ಉಳಿದವರಿಗೆ ಸಿಗುವ ಸಿಲ್ವರ್ ದರ್ಜೆ ಅಥವಾ ಅದಕ್ಕಿಂತ ಮೇಲಿನ ಸದಸ್ಯರು ಸ್ಟ್ಯಾಂಡರ್ಡ್ ಕೋಣೆಯನ್ನು ಪಾಯಿಂಟ್‌ನಲ್ಲೇ ಸತತವಾಗಿ ಬುಕ್ ಮಾಡಿದರೆ ಐದನೇ ರಾತ್ರಿಗೆ ಪಾಯಿಂಟ್ ಕಳೆಯುವುದಿಲ್ಲ. ನಮ್ಮ ರಜೆಯ ಉದ್ದ ನಿರ್ಧಾರವಾಗಿದ್ದು ಈ ನಿಯಮದಿಂದಲೇ. ನನ್ನ ಖಾತೆಯ ಚಿಲ್ಲರೆ ಪಾಯಿಂಟ್‌ಗಳನ್ನೂ ಅವರ ಖಾತೆಗೆ ಸೇರಿಸಿದೆವು. ಒಟ್ಟು ಹನ್ನೊಂದು ಜನ ಹೀಗೆ ಕೂಡಿಸಿಕೊಳ್ಳಬಹುದು, ಅದಕ್ಕೆ ಶುಲ್ಕವಿಲ್ಲ.

ಹೋಟೆಲ್ ಅಂದರೆ ಒಂದು ಸಣ್ಣ ಊರೇ. 62 ಎಕರೆ. 1988ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದಾಗ ಇದಕ್ಕೆ 36 ಕೋಟಿ ಡಾಲರ್ ಸುರಿದಿದ್ದರಂತೆ. ಆ ಕಾಲದ ದೊಡ್ಡಸ್ತಿಕೆ ಈಗಲೂ ಕಾಣುತ್ತದೆ. ಲಾಬಿಯಿಂದ ಕೋಣೆಯ ಕಟ್ಟಡಕ್ಕೆ ಹೋಗಲು ಟ್ರಾಮ್ ಇದೆ. ನಡೆಯುವವರಿಗೆ ಉದ್ದನೆಯ ಮೊಗಸಾಲೆ. ಅದರುದ್ದಕ್ಕೂ ಏಷ್ಯಾದ, ಪಾಲಿನೇಷ್ಯಾದ ಶಿಲ್ಪಗಳು, ಹೂದಾನಿಗಳು. ನನ್ನನ್ನು ಕೇಳಿದರೆ ಇದು ಸುಂದರ ಅನ್ನುವುದಕ್ಕಿಂತ ಮಜವಾದ ಜಾಗ. ಇಬ್ಬರೇ ಹೋಗುವವರಿಗೆ ಇದಕ್ಕಿಂತ ನೆಮ್ಮದಿಯ ಹೋಟೆಲ್‌ಗಳು ಈ ತೀರದಲ್ಲೇ ಇವೆ. ಆದರೆ ಮಕ್ಕಳಿದ್ದರೆ, ನಡೆಯಲು ಕಷ್ಟಪಡುವ ಹಿರಿಯರಿದ್ದರೆ, ಇಂಥದ್ದೇ ಸರಿ. ನಮ್ಮ ಚಿಕ್ಕವನು ಟ್ರಾಮ್ ಹತ್ತಿ ಕೊನೆವರೆಗೂ ಹೋಗಿ, ಇಳಿಯದೆ ಹಾಗೇ ವಾಪಸ್ ಬರುತ್ತಿದ್ದ. ಅವನಿಗೆ ಹವಾಯಿ ಎಂದರೆ ಅದೇ. ಅತ್ತೆ ಪ್ರತಿ ಸಲ ಹತ್ತುವಾಗಲೂ, "ಇದೂ ಪಾಯಿಂಟಲ್ಲೇನಾ?" ಅಂತ ಕೇಳುತ್ತಿದ್ದರು.

ನಾನು ಜಾಸ್ತಿ ನೋಡಿದ್ದು ನಮ್ಮವರನ್ನೇ. ಕೋಣೆಗೆ ಕಾಲಿಟ್ಟ ಎರಡು ನಿಮಿಷದಲ್ಲಿ ಚಾರ್ಜರ್ ಮಂಚದ ಎಡಕ್ಕೆ, ಪಾಸ್‌ಪೋರ್ಟ್ ತಿಜೋರಿಗೆ, ಶೂ ಬಾಗಿಲ ಪಕ್ಕಕ್ಕೆ. ಪರದೆ ಪೂರ್ತಿ ಮುಚ್ಚದೆ ಬೆಳಕು ಬರುತ್ತದೆ ಅಂತ ಮಗಳು ಗೊಣಗಿದಳು. ಅವರು ಬೀರುವಿನಿಂದ ಪ್ಯಾಂಟ್ ತೂಗುಹಾಕುವ ಹ್ಯಾಂಗರ್ ತಂದು, ಅದರ ಕ್ಲಿಪ್‌ನಿಂದ ಪರದೆಯ ಎರಡು ಅಂಚು ಸೇರಿಸಿ ಕಚ್ಚಿಸಿಬಿಟ್ಟರು. ಕೋಣೆ ಕತ್ತಲಾಯಿತು. "ಅಪ್ಪಾ, ಇದು ನಿಂಗೆ ಹೇಗೆ ಗೊತ್ತು?" ಅಂದಳು. ಮನೆಯಲ್ಲಿ ಸಕ್ಕರೆ ಡಬ್ಬ ಎಲ್ಲಿದೆ ಅಂತ ಪ್ರತಿ ಸಲ ಕೇಳುವ ಮನುಷ್ಯ ಇವರೇ ಅಲ್ವಾ!

ಹೋಟೆಲ್‌ಗೆ ಸಹಜವಾದ ಮರಳ ತೀರವಿಲ್ಲ. ದಡವೆಲ್ಲ ಲಾವಾ ಬಂಡೆ. ಅದಕ್ಕೆ ಬದಲಾಗಿ ಸಮುದ್ರದ ನೀರು ಬಂದು ಹೋಗುವ ದೊಡ್ಡ ಲಗೂನ್, ಅಂದರೆ ಕೊಳ, ಮಾಡಿದ್ದಾರೆ. ಅಲೆ ಇಲ್ಲ, ಮೀನು ಉಂಟು. ಅಲ್ಲಿಗೆ ಹಸಿರು ಕಡಲಾಮೆಗಳು ತಾವಾಗಿಯೇ ಬರುತ್ತವೆ. ಅಲ್ಲಿಯ ಜನ ಅವನ್ನು ಹೊನು ಅನ್ನುತ್ತಾರೆ. 1978ರಿಂದ ಇವಕ್ಕೆ ಅಮೆರಿಕದ ಕಾನೂನಿನ ರಕ್ಷಣೆ ಇದೆ. ಮುಟ್ಟುವ ಹಾಗಿಲ್ಲ. ಕನಿಷ್ಠ ಹತ್ತು ಅಡಿ ದೂರವಿರಿ ಅನ್ನುತ್ತಾರೆ. ಆದರೆ ಆಮೆಗೆ ಆ ನಿಯಮ ಹೇಳುವವರಾರು? ಮಗಳು ಕನ್ನಡಕ, ಕೊಳವೆ ಹಾಕಿಕೊಂಡು ತೇಲುತ್ತಿದ್ದಾಗ ಒಂದು ಕೆಳಗಿನಿಂದ ಬಂದು, ಅವಳ ಪಕ್ಕದಲ್ಲೇ ತಲೆ ಎತ್ತಿ ಉಸಿರು ಬಿಟ್ಟು, ಮತ್ತೆ ಮುಳುಗಿತು. ಅವಳು ಕೈ ಎರಡೂ ಎದೆಗೆ ಕಟ್ಟಿಕೊಂಡು ಹಿಂದಕ್ಕೆ ತೇಲಿದಳು. ಮೇಲೆ ಬಂದವಳು ಅರ್ಧ ಗಂಟೆ ಮಾತು ನಿಲ್ಲಿಸಲಿಲ್ಲ. ಕೆಲವು ಆಮೆಗಳು ದಡ ಹತ್ತಿ ಬಿಸಿಲು ಕಾಯಿಸುತ್ತವೆ. ಕಡಲಾಮೆ ಹೀಗೆ ನೆಲದ ಮೇಲೆ ಮಲಗುವುದು ಪ್ರಪಂಚದ ಕೆಲವೇ ಕಡೆ ಕಾಣಸಿಗುವ ದೃಶ್ಯ. ಹೋಗುವವರಿಗೆ ಒಂದು ಮಾತು: ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರುವುದನ್ನು ಹವಾಯಿ 2021ರಿಂದ ನಿಲ್ಲಿಸಿದೆ, ಹವಳಕ್ಕೆ ಕೆಡುಕು ಅಂತ. ಖನಿಜದ ಸನ್‌ಸ್ಕ್ರೀನೇ ತಗೊಂಡು ಹೋಗಿ.

ಪಾಯಿಂಟ್‌ಗೆ ಏನು ಬರುತ್ತದೆ, ಏನು ಬರುವುದಿಲ್ಲ? ಪೂರ್ತಿ ಪಾಯಿಂಟ್‌ನಲ್ಲೇ ಉಳಿದರೆ ಹಿಲ್ಟನ್ ರೆಸಾರ್ಟ್ ಶುಲ್ಕ, ಅಂದರೆ ಕೋಣೆಯ ಬಾಡಿಗೆಯ ಮೇಲೆ ದಿನವೂ ಸೇರಿಸುವ ಹಣ, ಹಾಕುವುದಿಲ್ಲ. ಇದು ದೊಡ್ಡ ಉಳಿತಾಯ. ಕಾರು ನಿಲ್ಲಿಸುವುದಕ್ಕೆ ಮಾತ್ರ ಬೇರೆ ದುಡ್ಡು. ಗೋಲ್ಡ್ ದರ್ಜೆಯವರಿಗೆ ಅಮೆರಿಕದ ಹೋಟೆಲ್‌ಗಳಲ್ಲಿ ಈಗ ಬೆಳಗಿನ ತಿಂಡಿಯ ಬದಲು ದಿನಕ್ಕಿಷ್ಟು ಅಂತ ಊಟತಿಂಡಿಯ ಕ್ರೆಡಿಟ್, ಅದೂ ಇಬ್ಬರಿಗೆ. ಐದು ಜನರ ಕುಟುಂಬಕ್ಕೆ ಅದು ಕಾಫಿಗೇ ಸರಿ. ಬ್ರೆಡ್ಡು, ಹಾಲು, ಪಪ್ಪಾಯಿ ಎಲ್ಲ ಹೊರಗಿನ ಅಂಗಡಿಯಿಂದ ತಂದು ಬಾಲ್ಕನಿಯಲ್ಲಿ ತಿಂಡಿ ಮುಗಿಸುತ್ತಿದ್ದೆವು. ರಸ್ತೆ ಬದಿಯ ಒಂದು ಅಂಗಡಿಯಲ್ಲಿ ಅತ್ತೆ ಜೀಗುಜ್ಜೆ ಕಂಡು ಹಿಡಿದರು. ಅಲ್ಲಿ ಅದಕ್ಕೆ ಉಲು ಅನ್ನುತ್ತಾರೆ. ಅಂದಿನಿಂದ ಅವರಿಗೆ ದ್ವೀಪದ ಮೇಲೆ ಸ್ವಲ್ಪ ನಂಬಿಕೆ ಬಂತು.

ದುಡ್ಡು ಕೊಟ್ಟು ಬುಕ್ ಮಾಡಿದ್ದರೆ ನಾವು ಬೆಳಗಿಂದ ರಾತ್ರಿವರೆಗೆ ಓಡುತ್ತಿದ್ದೆವು. ಇಷ್ಟು ಕೊಟ್ಟಿದ್ದೀವಿ, ಎಲ್ಲ ನೋಡಲೇಬೇಕು ಅನ್ನುವ ಹಟ ನಮ್ಮ ಮನೆಯಲ್ಲಿ ಎಲ್ಲರಿಗೂ ಇದೆ. ಈ ಸಲ ಅದು ಯಾರಿಗೂ ಬರಲಿಲ್ಲ. ಮೌನಾ ಕೆಯಾ ಶಿಖರ 4,207 ಮೀಟರ್, ಚಿಕ್ಕ ಮಕ್ಕಳಿಗೆ ಒಳ್ಳೆಯದಲ್ಲ, ಸರಿ ಬಿಡಿ ಅಂತ ಬಿಟ್ಟೆವು. ಹೋಟೆಲ್ ಹತ್ತಿರದ ಅಂಗಡಿ ಸಾಲಿನ ಪಕ್ಕದಲ್ಲೇ ಲಾವಾ ಬಂಡೆಯ ಮೇಲೆ ಹಿಂದಿನ ಹವಾಯಿ ಜನ ಕೆತ್ತಿದ ಸಾವಿರಾರು ಚಿತ್ರಗಳಿವೆ. ಸಂಜೆ ಬಿಸಿಲು ಇಳಿದ ಮೇಲೆ ನೋಡಿಬಂದೆವು.

ಕಿಲಾವೆಯ ಎಂಬ ಜ್ವಾಲಾಮುಖಿಗೆ ಮಾತ್ರ ಹೋದೆವು. ಸುಮಾರು ಎರಡು ಗಂಟೆ ದಾರಿ. ಮೌನಾ ಕೆಯಾ, ಮೌನಾ ಲೋವಾ ಎಂಬ ಎರಡು ಜ್ವಾಲಾಮುಖಿ ಬೆಟ್ಟಗಳ ನಡುವೆ ರಸ್ತೆ ಎರಡು ಸಾವಿರ ಮೀಟರ್‌ವರೆಗೆ ಏರುತ್ತದೆ. ಮೌನಾ ಲೋವಾ 38 ವರ್ಷ ಸುಮ್ನೆ ಇದ್ದು 2022ರಲ್ಲಿ ಉಕ್ಕಿದಾಗ ಲಾವಾ ಈ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ ಬಂದು ನಿಂತಿತ್ತು. ಬೆಟ್ಟ ದಾಟಿದ್ದೇ ಮಳೆ. ವೈಕೊಲೊವದಲ್ಲಿ ವರ್ಷಕ್ಕೆ 300 ಮಿಲಿಮೀಟರ್ ಕೂಡ ಬೀಳುವುದಿಲ್ಲ. ಆಚೆ ಹಿಲೋ ಊರಿನ ಕಡೆ 3,000 ದಾಟುತ್ತದೆ. ಈಶಾನ್ಯದ ಗಾಳಿ ತರುವ ಮೋಡವೆಲ್ಲ ಆ ಕಡೆಯೇ ಖಾಲಿಯಾಗುತ್ತದೆ.

ಕಿಲಾವೆಯದ ಹಲೆಮಾಉಮಾಉ ಎಂಬ ಬಾಯಿ 2018ರಲ್ಲಿ ಕುಸಿದು ಭಾರಿ ಹಳ್ಳವಾಗಿದೆ. 2024ರ ಡಿಸೆಂಬರ್‌ನಿಂದ ಅಲ್ಲಿ ಲಾವಾ ಚಿಮ್ಮುವುದು, ಕೆಲವು ದಿನ ಬಿಡುವು ಕೊಡುವುದು ಶುರುವಾಗಿತ್ತು. ನಾವು ಹೋಗಿದ್ದು ಬಿಡುವಿನ ದಿನ. ಬರೀ ಹೊಗೆ, ಬಿಸಿ ಹಬೆ. ಚಿಕ್ಕವನಿಗೆ ಬೇಜಾರು. ಅತ್ತೆಗೆ ಮಾತ್ರ, ಇದು ಪೆಲೆ ಎಂಬ ದೇವಿಯ ಮನೆ ಅಂತ ನಂಬುತ್ತಾರೆ ಅಂದಿದ್ದೇ ತಡ, ಚಪ್ಪಲಿ ಬಿಟ್ಟು ಕೈ ಮುಗಿದರು. ಮೊಮ್ಮಗ ಜೇಬಿಗೆ ಹಾಕಿದ್ದ ಕಲ್ಲನ್ನು ತಾವೇ ತೆಗೆಸಿ ಅಲ್ಲೇ ಇಡಿಸಿದರು. ಕಲ್ಲು ಒಯ್ಯಬಾರದು ಅನ್ನುವುದು ಆ ಪಾರ್ಕಿನ ನಿಯಮ ಕೂಡ.

ಹೊರಡುವ ದಿನ ಬಿಲ್ ನೋಡಿದರೆ ಕೋಣೆಯ ಸಾಲಿನಲ್ಲಿ ಸೊನ್ನೆ. ಕೆಳಗೆ ಕಾರು, ಊಟ, ಐಸ್‌ಕ್ರೀಮು. ಕೋಣೆಯ ಹೆಸರಿಗೆ ಬರೆಸಿದ ಊಟಕ್ಕೆ ಹೊಸ ಪಾಯಿಂಟ್ ಬರುತ್ತದೆ ಅಂತ ನಮ್ಮವರು ಆಗಲೇ ಲೆಕ್ಕ ಶುರು ಮಾಡಿದ್ದರು. ಮುಂದಿನ ಸಲ ಮಾವಿ ದ್ವೀಪವಂತೆ, ಇನ್ನೆರಡು ವರ್ಷ ಹೀಗೇ ಓಡಾಡಿದರೆ ಸಾಕಂತೆ. ಆಗಲಿ, ಆದರೆ ಈ ಸಲ ದಿನಸಿ ಬಿಲ್ಲು, ಪೆಟ್ರೋಲ್ ಬಿಲ್ಲು ಪಾಯಿಂಟ್ ಕೊಡುವ ಕ್ರೆಡಿಟ್ ಕಾರ್ಡಿಗೆ ಹಾಕಿ ಕೂಡಿಸೋಣ, ಎಷ್ಟು ವರ್ಷ ಹಿಡಿದರೂ ಪರವಾಗಿಲ್ಲ ಅಂದೆ. ಅತ್ತೆ ನನ್ನ ಕಡೆಗೇ ಸೇರಿದರು.