ಸಿಮೆಂಟು ಕಿತ್ತು ಗಾರೆ ಮೆತ್ತಿದ್ದು

ನಮ್ಮ ಅತ್ತೆಯ ಮನೆ ಮೈಸೂರಿನ ಲಕ್ಷ್ಮೀಪುರಂನಲ್ಲಿದೆ. ಸ್ವಾತಂತ್ರ್ಯಕ್ಕಿಂತ ಮುಂಚೆ ಕಟ್ಟಿದ್ದು. ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ, ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಚಾವಣಿ), ಕೆಂಪು ನೆಲ. ಏಪ್ರಿಲ್‌ನಲ್ಲೂ ಮಧ್ಯಾಹ್ನ ಫ್ಯಾನ್ ಬೇಕು ಅನ್ನಿಸುವುದಿಲ್ಲ. ಆದರೆ ಬಚ್ಚಲಿನ ಪಕ್ಕದ ರೂಮಿನ ಒಂದು ಗೋಡೆ ಮಾತ್ರ ವರ್ಷಪೂರ್ತಿ ಥಂಡಿ. ದಸರೆಗೆ ಮುಂಚೆ ಪೇಂಟರ್ ಬರುತ್ತಾರೆ, ಉದುರಿದ್ದನ್ನು ಕೆರೆದು, ಪುಟ್ಟಿ ಬಳಿದು, ಬಣ್ಣ ಹೊಡೆದು ಹೋಗುತ್ತಾರೆ. ಯುಗಾದಿ ಹೊತ್ತಿಗೆ ಮತ್ತೆ ಬಣ್ಣ ಉಬ್ಬುತ್ತದೆ. ಬೆರಳಿಟ್ಟರೆ ಪುಟ್ಟಿ ಪುಡಿಪುಡಿ. ಅದರ ಹಿಂದೆ ಬಿಳೀ ಉಪ್ಪು.

ಒಬ್ಬ ಕಾಂಟ್ರಾಕ್ಟರ್ ಬಂದು ನೋಡಿದರು. "ಕೆಮಿಕಲ್ ಹೊಡೆದು ಮೇಲೆ ನಾಲ್ಕಡಿ ಟೈಲ್ಸ್ ಅಂಟಿಸಿಬಿಡೋಣ ಮೇಡಂ, ಕಾಣೋದೇ ಇಲ್ಲ" ಎಂದರು. ಕಾಣೋದಿಲ್ಲ ಅಂದರು, ಹೋಗುತ್ತೆ ಅನ್ನಲಿಲ್ಲ. ನನಗೆ ಅದು ಸರಿಬರಲಿಲ್ಲ. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಉಪ್ಪು ಎಲ್ಲಿಂದ ಬಂತು ಅಂತ ಕೇಳದೆ ಬಿಡುವುದು ನನ್ನ ಜಾಯಮಾನವಲ್ಲ.

ಮೊದಲು ನೀರು ಎಲ್ಲಿಯದು ಅಂತ ಗೊತ್ತಾಗಬೇಕು. ಇದಕ್ಕೆ ಖರ್ಚಿಲ್ಲದ ಒಂದು ಉಪಾಯವಿದೆ. ಬಣ್ಣ ಕೆರೆದ ಜಾಗಕ್ಕೆ ಒಂದು ಪ್ಲಾಸ್ಟಿಕ್ ಹಾಳೆ ಹಚ್ಚಿ ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದೆರಡು ದಿನ ಬಿಡುವುದು. ಹಾಳೆಯ ಮೇಲೆ, ನಮ್ಮ ಕಡೆಗೆ ಹನಿ ಕೂತರೆ ಅದು ರೂಮಿನ ಗಾಳಿಯ ತೇವ. ಕಿಟಕಿ ತೆಗೆದರೆ ಹೋಗುತ್ತದೆ. ಹಾಳೆಯ ಹಿಂದೆ ಹನಿ ಕೂತರೆ ನೀರು ಗೋಡೆಯೊಳಗೇ ಇದೆ ಅಂತ. ನಮ್ಮ ಹಾಳೆಯ ಹಿಂಭಾಗ ಬೆವರಿತ್ತು.

ಆಮೇಲೆ ಹೊರಗೆ ಹೋಗಿ ನೋಡಿದೆ. ಮನೆಗೂ ಕಾಂಪೌಂಡಿಗೂ ನಡುವೆ ಒಂದು ಸಂದಿ ಇದೆ. ಹಳೇ ಹೂಕುಂಡ, ಒಡೆದ ಹೆಂಚು, ಯಾವ ಕಾಲದ್ದೋ ಮರಳು ಎಲ್ಲ ಅಲ್ಲೇ. ಅದನ್ನೆಲ್ಲ ಸರಿಸಿ, ಒಂದು ಉದ್ದದ ಕೋಲಿನಿಂದ ಕಿಟಕಿಯ ಅಂಚಿನಿಂದ ಕೆಳಕ್ಕೆ ಒಳಗೂ ಹೊರಗೂ ಅಳೆದೆ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ನಾಲ್ಕು ಬೆರಳು ಮೇಲಿತ್ತು! ಮೈಸೂರಿನಲ್ಲಿ ಇದೇನು ಹೊಸದಲ್ಲ. ಡಾಂಬರು ಹಾಕುವಾಗ ಹಳೇ ಪದರ ಕೆರೆಯದೆ ಮೇಲೇ ಹಾಕುತ್ತಾರೆ. ರಸ್ತೆ ಏರುತ್ತದೆ, ಅದಕ್ಕೆ ಸರಿಯಾಗಿ ಅಂಗಳ ಏರಿಸುತ್ತೇವೆ, ಸಂದಿಗೆ ಕಾಂಕ್ರೀಟ್ ಹಾಕುತ್ತೇವೆ. ಮನೆ ಮಾತ್ರ ಇದ್ದಲ್ಲೇ ಇರುತ್ತದೆ. ತಾರಸಿಯ ನೀರಿನ ಪೈಪು ಬೇರೆ ಸೀದಾ ಈ ಸಂದಿಗೇ ಬೀಳುತ್ತಿತ್ತು. ನಮ್ಮದರಂಥ ಬಹಳಷ್ಟು ಹಳೇ ಮನೆಗಳಲ್ಲಿ ತಳಪಾಯದ ಮೇಲೆ ತೇವ ತಡೆಯುವ ಪದರವೇ ಇರುವುದಿಲ್ಲ. ನೀರು ಇಟ್ಟಿಗೆಯ ಸಣ್ಣ ಸಣ್ಣ ರಂಧ್ರಗಳನ್ನು ಹಿಡಿದು ಮೇಲೆ ಹತ್ತುತ್ತದೆ. ಜೊತೆಗೆ ಉಪ್ಪನ್ನೂ ಕರಗಿಸಿ ತರುತ್ತದೆ, ನೀರು ಆವಿಯಾದ ಕಡೆ ಉಪ್ಪು ಉಳಿಯುತ್ತದೆ.

ಹತ್ತಿದರೂ ಹಿಂದೆಲ್ಲ ತೊಂದರೆ ಇರಲಿಲ್ಲ ಅಂತ ಅತ್ತೆ ಹೇಳುತ್ತಾರೆ. "ನಾನು ಮದುವೆಯಾಗಿ ಬಂದಾಗ ಈ ಗೋಡೆ ಚೆನ್ನಾಗೇ ಇತ್ತು ಕಣೇ. ನಿಮ್ಮ ಮಾವನವರು ಸಿಮೆಂಟ್ ಹಾಕಿಸಿದ ಮೇಲೇ ಶುರುವಾಗಿದ್ದು" ಎಂದರು. ಇದೇ ಇಡೀ ಕಥೆಯ ಕೀಲಿ. ಗಾರೆ, ಅಂದರೆ ಸುಣ್ಣ ಮರಳಿನ ಪ್ಲಾಸ್ಟರ್, ತೇವವನ್ನು ಒಳಗೆ ಬಿಡುತ್ತದೆ, ಹಾಗೇ ಹೊರಗೂ ಬಿಡುತ್ತದೆ. ಕೆಳಗಿಂದ ಹತ್ತಿದ ನೀರು ಅಲ್ಲಲ್ಲೇ ಆವಿಯಾಗಿ ಹೋಗುತ್ತಿತ್ತು. ಎಂಬತ್ತರ ದಶಕದಲ್ಲಿ ಯಾವುದೋ ಚಿಕ್ಕ ಕಲೆ ಮುಚ್ಚಲು ಮಾವ ಮೂರಡಿ ಎತ್ತರಕ್ಕೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಮೇಲೆ ಆಯಿಲ್ ಪೇಂಟ್ ಹೊಡೆಸಿದ್ದರು. ಆಗ ಎಲ್ಲರೂ ಅದನ್ನೇ ಮಾಡುತ್ತಿದ್ದರು, ಅವರನ್ನು ಅಂದು ಪ್ರಯೋಜನವಿಲ್ಲ. ನೀರಿಗೆ ಹೊರಬರುವ ದಾರಿ ಮುಚ್ಚಿತು. ಅದು ಸಿಮೆಂಟಿನ ಹಿಂದೆಯೇ ಹತ್ತಿ, ಸಿಮೆಂಟು ಮುಗಿದ ಕಡೆ ಹೊರಬಂತು. ಅದಕ್ಕೇ ನಮ್ಮ ಗೋಡೆಯಲ್ಲಿ ಬುಡ ಗಟ್ಟಿ, ಸೊಂಟದ ಎತ್ತರದಲ್ಲಿ ಹುಳುಕು.

ಹಾಗಾದರೆ ಮಾಡಬೇಕಾದ್ದು ಇನ್ನೊಂದು ಪದರ ಹಾಕುವುದಲ್ಲ. ಹಾಕಿದ್ದನ್ನು ಕೀಳುವುದು.

ಮನೆಯವರಿಗೆ ಭಯ. "ಕಿತ್ತರೆ ಗೋಡೆನೇ ಬಿದ್ದುಹೋದ್ರೆ?" ಅಂದರು. ಮೈಸೂರಿನವರಿಗೆ ಈ ಭಯ ಸಹಜ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅವತ್ತಿಂದ ಹಳೇ ಗೋಡೆಯಲ್ಲಿ ಒಂದು ಗೆರೆ ಕಂಡರೂ ಎದೆ ಝಲ್ಲೆನ್ನುತ್ತದೆ. ನಮ್ಮ ರೂಮಿನಲ್ಲೂ ಕಿಟಕಿಯ ಮೂಲೆಯಿಂದ ಒಂದು ಬಿರುಕು ಓರೆಯಾಗಿ ಮೇಲೆ ಹೋಗಿತ್ತು. ಗಾಜಿನ ಒಂದು ತೆಳು ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಕು ಬರೆದೆ. ಬಿರುಕು ಇನ್ನೂ ಬೆಳೆಯುತ್ತಿದ್ದರೆ ಗಾಜು ಒಡೆಯುತ್ತದೆ. ಒಂದು ಪೂರ್ತಿ ಮಳೆಗಾಲ ಕಳೆದರೂ ಗಾಜು ಹಾಗೇ ಇತ್ತು. ಒಡೆದಿದ್ದರೆ ನಾನು ಉಳಿ ಮುಟ್ಟುತ್ತಿರಲಿಲ್ಲ, ಎಂಜಿನಿಯರನ್ನು ಕರೆಸುತ್ತಿದ್ದೆ. ಗೋಡೆ ಹೊಟ್ಟೆ ಬಿಟ್ಟುಕೊಂಡಿದ್ದರೆ, ತೊಲೆ ಕೂತ ಜಾಗದಲ್ಲಿ ಇಟ್ಟಿಗೆ ಜಾರಿದ್ದರೆ, ಅದು ನಮ್ಮಂಥವರು ಕೈ ಹಾಕುವ ಕೆಲಸವೇ ಅಲ್ಲ.

ಸಂದಿಯ ಕೆಲಸಕ್ಕೆ ಒಬ್ಬರನ್ನು ಕರೆಸಿದೆವು. ಗೋಡೆಯ ಉದ್ದಕ್ಕೂ ಕಾಂಕ್ರೀಟ್ ಒಡೆದು, ಒಂದಡಿ ಅಗಲಕ್ಕೆ ಮಣ್ಣು ತೆಗೆದು, ನೀರು ಚರಂಡಿಗೆ ಹೋಗುವ ಹಾಗೆ ಇಳಿಜಾರು ಮಾಡಿ ಜಲ್ಲಿ ತುಂಬಿದರು. ಪೈಪನ್ನು ಮುಂದಕ್ಕೆ ಎಳೆದರು. ಇದು ಆಗದೆ ಒಳಗೆ ಏನು ಮಾಡಿದರೂ ದುಡ್ಡು ದಂಡ.

ಸಂಕ್ರಾಂತಿ ಕಳೆದು ಭಾನುವಾರಗಳಲ್ಲಿ ಒಳಗಿನ ಕೆಲಸ ಶುರು ಮಾಡಿದೆ. ಮೊದಲು ಮೇನ್ ಸ್ವಿಚ್ ಆಫ್. ಈ ಗೋಡೆಯ ಮೇಲೆ ಹಳೇ ಬ್ಯಾಟನ್ ವೈರಿಂಗ್ ಇತ್ತು, ಅಂದರೆ ಮರದ ಪಟ್ಟಿಯ ಮೇಲೆ ಎಳೆದ ವೈರು, ಕಣ್ಣಿಗೆ ಕಾಣುತ್ತಿತ್ತು. ಆದರೂ ನಂಬಲಿಲ್ಲ. ಆಮೇಲೆ ಆಯಿಲ್ ಪೇಂಟ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ದೇಶದಲ್ಲಿ ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಜಾಸ್ತಿ ಇರಬಾರದು ಎಂಬ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೇ ಪೇಂಟಿನಲ್ಲಿ, ಅದರಲ್ಲೂ ಗಾಢ ಹಳದಿ, ಹಸಿರು, ಕೆಂಪಿನಲ್ಲಿ, ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡುವುದು ಒಳ್ಳೇದು. ಒಣ ಉಪ್ಪುಕಾಗದ ಹಾಕಿ ಉಜ್ಜಬಾರದು, ಆ ಧೂಳು ಮಕ್ಕಳಿಗೆ ವಿಷ. ನೀರು ಚಿಮುಕಿಸಿಕೊಂಡು, ಒಳ್ಳೇ ಮಾಸ್ಕ್ ಹಾಕಿಕೊಂಡು, ಕೆಳಗೆ ಟಾರ್ಪಾಲು ಹಾಸಿ ಕೆರೆದೆ. ಮಗಳನ್ನು ಅಜ್ಜಿಯ ಜೊತೆ ಪಕ್ಕದ ಬೀದಿಯ ಅತ್ತಿಗೆ ಮನೆಗೆ ಕಳಿಸಿದ್ದೆ.

ಗೆಣ್ಣಿನಿಂದ ತಟ್ಟುತ್ತಾ ಹೋದರೆ ಪ್ಲಾಸ್ಟರ್ ಎಲ್ಲಿ ಬಿಟ್ಟುಕೊಂಡಿದೆ ಅಂತ ಕಿವಿಗೇ ಗೊತ್ತಾಗುತ್ತದೆ. ಗಟ್ಟಿ ಇದ್ದ ಕಡೆ ಟಕ್, ಟೊಳ್ಳಾದ ಕಡೆ ಡಬ್. ಡಬ್ ಎಂದ ಕಡೆಯಿಂದ ಶುರು ಮಾಡಬೇಕು. ಉಳಿಯನ್ನು ಗೋಡೆಗೆ ನೇರ ಹೊಡೆಯದೆ ಓರೆಯಾಗಿ ಹಿಡಿದು, ಸಿಮೆಂಟಿನ ಹಿಂದಕ್ಕೆ ನುಗ್ಗಿಸಿ ಮೀಟಬೇಕು. ಹಳೇ ಇಟ್ಟಿಗೆ ಮೆದು, ಸಿಮೆಂಟು ಬಿರುಸು. ಅವಸರ ಮಾಡಿದರೆ ಸಿಮೆಂಟಿನ ಜೊತೆ ಇಟ್ಟಿಗೆಯ ಮುಖವೂ ಕಿತ್ತು ಬರುತ್ತದೆ. ಮೇಲ್ಗಡೆ, ಸಿಮೆಂಟು ಇಲ್ಲದ ಕಡೆ, ಒಂದೊಂದೇ ಪದರ ಬಿಚ್ಚಿಕೊಂಡಿತು. ಪುಟ್ಟಿ, ಕೆನೆ ಬಣ್ಣದ ಎಮಲ್ಷನ್, ಅದರಡಿ ಗಿಳಿಹಸಿರು ಡಿಸ್ಟೆಂಪರ್, ಅದರಡಿ ನೀಲಿ ಕಲಸಿದ ಸುಣ್ಣ. ಗಿಳಿಹಸಿರು ಕಂಡ ಕೂಡಲೇ ಅತ್ತೆ, "ಇದು ನಿಮ್ಮ ಮಾವನ ತಂಗಿ ಮದುವೆಗೆ ಹೊಡೆಸಿದ್ದು. ಗಂಡಿನ ಕಡೆಯವರಿಗೆ ಈ ಬಣ್ಣ ಹಿಡಿಸಲಿಲ್ಲ" ಎಂದರು. ಅಷ್ಟು ವರ್ಷದ ಸಿಟ್ಟು ಇನ್ನೂ ಒಣಗಿರಲಿಲ್ಲ.

ಬರೀ ಇಟ್ಟಿಗೆ ಕಂಡ ಮೇಲೆ ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ ಮೊರದಲ್ಲಿ ಹಿಡಿದು ಹೊರಗೆ ಹಾಕಿದೆ. ತೊಳೆಯಬಾರದು. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಮುಂದಿನ ವಾರ ಮತ್ತೆ ಉಪ್ಪು, ಮತ್ತೆ ಗುಡಿಸುವುದು. ಬೇಸಿಗೆ ಏರಿದ ಹಾಗೆ ಉಪ್ಪು ಕಡಿಮೆಯಾಯಿತು. ಗೋಡೆಯ ಬಣ್ಣವೇ ಬದಲಾಯಿತು, ಕಡುಕೆಂಪು ಹೋಗಿ ತಿಳಿಯಾಯಿತು. ಇಂಥ ದಪ್ಪ ಗೋಡೆ ಒಣಗಲು ತಿಂಗಳುಗಟ್ಟಲೆ ಬೇಕು. ಬಂದವರೆಲ್ಲ "ಇದೇನ್ರೀ, ಹೀಗೇ ಬಿಟ್ಟಿದೀರ?" ಎನ್ನುತ್ತಿದ್ದರು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟವಾದ್ದು ಇದೇ, ಏನೂ ಮಾಡದೆ ಇರುವುದು.

ಸುಣ್ಣವನ್ನು ಮಾತ್ರ ಮೊದಲೇ ನೆನೆಹಾಕಿದ್ದೆ. ಸುಟ್ಟ ಸುಣ್ಣಕ್ಕೆ ನೀರು ಸೇರಿದರೆ ಬಿಸಿಯಾಗುತ್ತದೆ ಅಂತ ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅರ್ಧ ಡ್ರಮ್ಮಿನಷ್ಟು ಸುಣ್ಣ ಕೊತಕೊತ ಕುದಿಯುವುದನ್ನು ನೋಡಿದ್ದು ಅದೇ ಮೊದಲು. ಕಬ್ಬಿಣದ ಡ್ರಮ್ಮೇ ಬೇಕು, ಪ್ಲಾಸ್ಟಿಕ್ ಬಕೆಟ್ ಸೊಟ್ಟಗಾಗುತ್ತದೆ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು, ಎಗರುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕುದಿ ನಿಂತ ಮೇಲೆ ಸೋಸಿ, ಮೇಲೆ ಒಂದು ಗೇಣು ನೀರು ನಿಲ್ಲಿಸಿ ಮುಚ್ಚಿಟ್ಟೆ. ಏಪ್ರಿಲ್ ರಜೆಗೆ ತೆಗೆದಾಗ ಬೆಣ್ಣೆಯ ಹಾಗಿತ್ತು.

ನಮ್ಮ ಹಾಲಿನವರ ಮೂಲಕ ಒಬ್ಬ ಹಳೇ ಮೇಸ್ತ್ರಿ ಸಿಕ್ಕಿದರು. ಚಿಕ್ಕಂದಿನಲ್ಲಿ ಗಾರೆ ಅರೆಯುವ ಕೆಲಸಕ್ಕೆ ಹೋಗುತ್ತಿದ್ದವರು. ಈಗ ಮಂಡಿನೋವು, ಕೆಲಸ ಬಿಟ್ಟಿದ್ದಾರೆ. ಮಕ್ಕಳು ಜಿಪ್ಸಂ ಸೀಲಿಂಗ್ ಮಾಡುತ್ತಾರೆ. "ನಾನು ಕರಣೆ ಹಿಡಿಯಲ್ಲ ಅಮ್ಮಾವ್ರೇ, ಕೂತ್ಕೊಂಡು ಹೇಳ್ತೀನಿ" ಎಂದರು. ಸ್ಟೂಲು, ಕಾಫಿ, ರೇಡಿಯೊ ಕೊಟ್ಟೆವು. ಸುಣ್ಣ ಒಂದು ಪಾಲು, ಜರಡಿ ಹಿಡಿದು ತೊಳೆದ ಮರಳು ಮೂರು ಪಾಲು. ಬುಡದ ಭಾಗಕ್ಕೆ ಮರಳಿನಲ್ಲಿ ಸ್ವಲ್ಪ ಕಳೆದು ನುಣ್ಣಗೆ ಕುಟ್ಟಿದ ಇಟ್ಟಿಗೆ ಪುಡಿ. ಹದವಾಗಿ ಸುಟ್ಟ ಮೆದು ಇಟ್ಟಿಗೆಯ ಪುಡಿ ಸುಣ್ಣದ ಜೊತೆ ಸೇರಿ ತೇವದಲ್ಲೂ ಗಟ್ಟಿಯಾಗುತ್ತದೆ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕುವ ಪದ್ಧತಿ ನಮ್ಮ ಕಡೆ ಹಳೇದು. ಮೇಸ್ತ್ರಿ ಬೇಕೇ ಬೇಕು ಎಂದರು, ಹಾಕಿದೆ. ಮೊಟ್ಟೆಯ ಬಿಳಿಯೂ ಹಾಕಬೇಕು ಅಂತ ವಾಟ್ಸಾಪಿನಲ್ಲಿ ಬಂದಿತ್ತು. ಅತ್ತೆಯ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ನನಗಿಲ್ಲ.

ಇಟ್ಟಿಗೆಯ ಸಂದುಗಳನ್ನು ಅರ್ಧ ಇಂಚು ಕೆರೆದು, ಗೋಡೆ ನೆನೆಸಿ, ಮೊದಲ ಪದರ ಎರಚಬೇಕು. ಎರಚುವುದೇ, ಬಳಿಯುವುದಲ್ಲ. ಬಾಂಡ್ಲಿಯಿಂದ ಕರಣೆ ತುಂಬ ತೆಗೆದು ಮಣಿಕಟ್ಟು ತಿರುವಿ ಹೊಡೆದರೆ ಗಾರೆ ಚಪ್ ಅಂತ ಕಚ್ಚುತ್ತದೆ. "ಕೈ ಬೀಸ್ಬೇಡಿ, ಮಣಿಕಟ್ಟು! ಮಣಿಕಟ್ಟು!" ಅಂತ ಸ್ಟೂಲಿನಿಂದ ಕೂಗು. ಮೊದಮೊದಲು ಗೋಡೆಗಿಂತ ನೆಲಕ್ಕೇ ಜಾಸ್ತಿ ಗಾರೆ ಆಯಿತು. ಒಂದು ಪದರ ಒಂದು ಸೆಂಟಿಮೀಟರಿಗಿಂತ ದಪ್ಪ ಬೇಡ. ಮೇಲೆ ಗೆರೆ ಎಳೆದು, ಸ್ವಲ್ಪ ಬಿಗಿಯುವವರೆಗೆ ಕೆಲವು ದಿನ ಬಿಟ್ಟು ಎರಡನೇದು. ಮಟ್ಟಗೋಲು ಎಳೆದು, ಮರದ ಹಲಗೆಯಿಂದ ಉಜ್ಜುವುದು. ಇಷ್ಟಾದರೂ ಮಾರನೇ ದಿನ ಕೂದಲೆಳೆ ಬಿರುಕು ಕಾಣುತ್ತದೆ. ಗಾಬರಿ ಬೇಡ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬಾರದು, ಉಗುರಿನಲ್ಲಿ ಗೀರಿದರೆ ಬೀಳಬೇಕು. ಆ ಹದದಲ್ಲಿ ನೀರು ಚಿಮುಕಿಸಿ ಮತ್ತೆ ಹಲಗೆ ಒತ್ತಿದರೆ ಬಿರುಕು ಮುಚ್ಚಿಕೊಳ್ಳುತ್ತದೆ. ಫ್ಯಾನ್ ಹಾಕಬಾರದು. ಒದ್ದೆ ಗೋಣಿಚೀಲ ನೇತುಹಾಕಿ ನಿಧಾನಕ್ಕೆ ಒಣಗಿಸಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗಿ. ಅದಕ್ಕೆ ತೇವವೂ ಬೇಕು, ಸಮಯವೂ ಬೇಕು.

ಮೇ ಕೊನೆಗೆ ಸುಣ್ಣ ಬಳಿದೆ. ಹಾಲಿನಷ್ಟು ತೆಳ್ಳಗೆ, ಚಿಟಿಕೆ ನೀಲಿ ಹಾಕಿ. ಬಳಿದಾಗ ಏನೂ ಬಳಿದಂತೆ ಕಾಣುವುದಿಲ್ಲ, ಬೂದು ಗಾರೆಯೇ ಕಾಣುತ್ತದೆ. ಇನ್ನೊಂದು ಕೈ ದಪ್ಪಗೆ ಹೊಡೆಯೋಣ ಅನ್ನಿಸುತ್ತದೆ. ಹೊಡೆದರೆ ಮುಂದೆ ಸಿಪ್ಪೆ ಏಳುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ತಾನಾಗೇ ಬೆಳ್ಳಗಾಗಿರುತ್ತದೆ. ಹೀಗೆ ತೆಳುವಾಗಿ ನಾಲ್ಕೈದು ಕೈ. ಒರಗಿದರೆ ಬಟ್ಟೆಗೆ ಸ್ವಲ್ಪ ಹತ್ತುತ್ತದೆ ಎಂಬುದು ನಿಜ. ಮನೆಯವರು ಇನ್ನೂ ಅದನ್ನೇ ಹೇಳುತ್ತಿರುತ್ತಾರೆ.

ಆ ಮೇಲೆ ಮಳೆಗಾಲ ಒಂದು ಮುಗಿದಿದೆ. ಬಚ್ಚಲಿನ ಮೂಲೆಯಲ್ಲಿ ಅಂಗೈ ಅಗಲ ಜಾಗ ಆಗಸ್ಟಿನಲ್ಲಿ ಕಪ್ಪಾಗಿತ್ತು, ಬಿಸಿಲು ಬಂದಾಗ ಮಾಯವಾಯಿತು. ಅಲ್ಲಿ ನಲ್ಲಿಯ ಪೈಪು ಸೋರುತ್ತಿರಬಹುದು, ಪ್ಲಂಬರ್ ನೋಡಬೇಕು. ಅತ್ತೆ ಈಗ ನಡುಮನೆಯ ಗೋಡೆಯನ್ನೂ ಮಾಡು ಎನ್ನುತ್ತಿದ್ದಾರೆ. ಅಲ್ಲಿ ವೈರುಗಳು ಪ್ಲಾಸ್ಟರಿನ ಒಳಗಿವೆ, ಎಲೆಕ್ಟ್ರಿಷಿಯನ್ ಬಂದು ಬಿಡಿಸದೆ ನಾನು ಉಳಿ ಹಾಕುವುದಿಲ್ಲ. ಎಲೆಕ್ಟ್ರಿಷಿಯನ್ ಹಬ್ಬ ಆಗಲಿ ಎಂದಿದ್ದಾರೆ. ಯಾವ ಹಬ್ಬ ಅಂತ ಹೇಳಿಲ್ಲ.